ಸಂಬಳಕ್ಕೆ ಆಡಿದ ಹತ್ತು ಜನ

"ಅವರದ್ದೇನು ಬಿಡಿ, ದುಡ್ಡಿಗೆ ಆಡ್ತಾರೆ." ಈ ಮಾತು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಐಪಿಎಲ್ ಹರಾಜು ನಡೆದಾಗ ಕೇಳಿಸುತ್ತದೆ. ಆರ್‌ಸಿಬಿ ಸೋತ ರಾತ್ರಿ ಇನ್ನೂ ಜೋರಾಗಿ ಕೇಳಿಸುತ್ತದೆ. ಗೆದ್ದ ರಾತ್ರಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆವತ್ತು ಅವರೆಲ್ಲ ನಮ್ಮ ಹುಡುಗರು. ಪ್ರೀತಿಯಿಂದ ಆಡುವವನಿಗೆ ದುಡ್ಡು ಬೇಡ, ದುಡ್ಡು ಕೇಳುವವನಿಗೆ ಪ್ರೀತಿ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಕೂತಿದೆ ಅಂದರೆ, ಅದನ್ನು ಯಾರೂ ಪ್ರಶ್ನೆ ಮಾಡುವುದೇ ಇಲ್ಲ. ಮೇಷ್ಟ್ರು ತಿಂಗಳಿಗೊಮ್ಮೆ ಸಂಬಳ ತಗೊಂಡರು ಅಂತ ಅವರಿಗೆ ಪಾಠದ ಮೇಲೆ ಪ್ರೀತಿ ಇಲ್ಲ ಅಂತೀವಾ? ಆಟಗಾರನ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಹೀಗೆ?

ನನ್ನ ಸೋದರಮಾವ ವಾಲಿಬಾಲ್ ಆಡುತ್ತಿದ್ದರು. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಬೆಳಗ್ಗೆ ಲೇತ್ ಮುಂದೆ ನಿಲ್ಲಬೇಕು, ಮಧ್ಯಾಹ್ನದ ಮೇಲೆ ಕಾರ್ಖಾನೆಯ ಮೈದಾನದಲ್ಲಿ ಪ್ರಾಕ್ಟೀಸು. ಬ್ಲಾಕ್ ಮಾಡಿ ಮಾಡಿ ಎಡಗೈಯ ಕಿರುಬೆರಳು ಸೊಟ್ಟಗಾಗಿತ್ತು, ಅದು ಕೊನೆಯವರೆಗೂ ನೆಟ್ಟಗಾಗಲೇ ಇಲ್ಲ. ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೇಳಿಸುವ ಹಾಗೆ, "ಏನಪ್ಪಾ, ಇನ್ನೂ ಚೆಂಡು ಹೊಡ್ಕೊಂಡೇ ಸಂಬಳ ಎಣಿಸ್ತಾ ಇದೀಯಾ? ಪುಣ್ಯವಂತ ಬಿಡು" ಅಂದರು. ಸಾಲೆಲ್ಲ ನಕ್ಕಿತು. ಮಾವ ಅನ್ನದ ನಡುವೆ ಗುಳಿ ಮಾಡಿಕೊಂಡು ಸಾರು ಹಾಕಿಸಿಕೊಳ್ಳುತ್ತಿದ್ದರು. "ಹೂಂ ಚಿಕ್ಕಪ್ಪ" ಅಂದರು, ತಲೆ ಎತ್ತಲಿಲ್ಲ. ನನ್ನ ಪಕ್ಕ ಕೂತಿದ್ದ ಅಮ್ಮ ಮಾತ್ರ ಸಣ್ಣ ದನಿಯಲ್ಲಿ, "ಮಂಡಿ ಊದಿಸ್ಕೊಂಡು ಶಿಫ್ಟಿಗೆ ಹೋಗ್ತಾನಲ್ಲ, ಅದು ಇವರಿಗೆ ಎಲ್ಲಿ ಕಾಣತ್ತೆ" ಅಂದಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಆ ನಗು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ.

ಆಟಕ್ಕೆ ಸಂಬಳ ಅನ್ನುವುದು ಎಲ್ಲಿ ಶುರುವಾಯಿತು, ಅದನ್ನು ಮೊದಲು ಎದ್ದು ನಿಂತು ಒಪ್ಪಿಕೊಂಡವರು ಯಾರು ಅಂತ ಓದುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಒಂದು ಬೇಸ್‌ಬಾಲ್ ತಂಡ. ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ವರ್ಷ 1869. ಬೇಸ್‌ಬಾಲಿನಲ್ಲಿ ಎಲ್ಲ ಆಟಗಾರರಿಗೂ ಇಂತಿಷ್ಟು ಅಂತ ಬಹಿರಂಗವಾಗಿ ಸಂಬಳ ಗೊತ್ತು ಮಾಡಿದ ಮೊದಲ ತಂಡ ಅದು. ಆ ಒಂದು ಸೀಸನ್ನಿನ ಕಥೆ ಓದಿದ ಮೇಲೆ, ಮದುವೆ ಮನೆಯಲ್ಲಿ ನಾನು ಹೇಳಬೇಕಿದ್ದ ಮಾತು ಏನು ಅಂತ ಸ್ವಲ್ಪ ಸ್ಪಷ್ಟವಾಯಿತು.

ಹೆಸರಿಗೆ ಗುಮಾಸ್ತ

ಅದಕ್ಕೂ ಮುಂಚೆ ಬೇಸ್‌ಬಾಲಿನಲ್ಲಿ ದುಡ್ಡು ಇರಲಿಲ್ಲವಾ? ಇತ್ತು. ಧಾರಾಳವಾಗಿಯೇ ಇತ್ತು. ಆದರೆ ಮುಚ್ಚಿಟ್ಟಿದ್ದರು. ಕ್ಲಬ್ಬುಗಳ ರಾಷ್ಟ್ರೀಯ ಸಂಘದ ನಿಯಮದ ಪ್ರಕಾರ ಆಟಗಾರನಿಗೆ ದುಡ್ಡು ಕೊಡುವ ಹಾಗಿಲ್ಲ. ಬೇಸ್‌ಬಾಲ್ ಅಂದರೆ ಸಂಜೆ ಹೊತ್ತು ದೊಡ್ಡ ಮನುಷ್ಯರು ಆರೋಗ್ಯಕ್ಕಾಗಿ, ಸ್ನೇಹಕ್ಕಾಗಿ ಆಡುವ ಆಟ ಅನ್ನುವ ಲೆಕ್ಕ. ಆದರೆ ಊರೂರಿನ ಕ್ಲಬ್ಬುಗಳಿಗೆ ಗೆಲ್ಲುವ ಆಸೆ. ಹಾಗಾಗಿ ಒಳ್ಳೆ ಆಟಗಾರನಿಗೆ ಕೈಯಲ್ಲಿ ಗುಟ್ಟಾಗಿ ಒಂದಿಷ್ಟು, ಇಲ್ಲವೇ ಯಾವುದೋ ಅಂಗಡಿಯಲ್ಲಿ, ಕಚೇರಿಯಲ್ಲಿ ಹೆಸರಿಗೊಂದು ಕೆಲಸ. ವಾಷಿಂಗ್ಟನ್ನಿನ ನ್ಯಾಷನಲ್ಸ್ ಕ್ಲಬ್ಬಿನ ಆಟಗಾರರಲ್ಲಿ ಎಷ್ಟೋ ಜನ ಸರ್ಕಾರಿ ಗುಮಾಸ್ತರು ಅಂತ ಪಟ್ಟಿಯಲ್ಲಿತ್ತು. ಅವರಲ್ಲಿ ಜಾರ್ಜ್ ರೈಟ್ ಅನ್ನುವ ಇಪ್ಪತ್ತರ ಹುಡುಗನ ಕಚೇರಿ ವಿಳಾಸ ಪೆನ್ಸಿಲ್ವೇನಿಯಾ ಅವೆನ್ಯೂ, ನಂಬರ್ 238. ಆ ಜಾಗದಲ್ಲಿ ಇದ್ದದ್ದು ಒಂದು ಸಾರ್ವಜನಿಕ ಪಾರ್ಕು.

ಇದನ್ನು ನಮ್ಮ ಕಾರ್ಖಾನೆ, ಬ್ಯಾಂಕು, ರೈಲ್ವೆಗಳ ಸ್ಪೋರ್ಟ್ಸ್ ಕೋಟಾ ಜೊತೆ ಸೇರಿಸಿ ನೋಡುವುದು ತಪ್ಪು. ಮಾವ ಲೇತ್ ತಿರುಗಿಸಿದ್ದು ನಿಜ, ಆಡಿದ್ದೂ ನಿಜ. ಎರಡಕ್ಕೂ ಕಾಗದದಲ್ಲಿ ಲೆಕ್ಕ ಇತ್ತು. ಐಟಿಐ, ಎಚ್‌ಎಎಲ್ ಥರದ ತಂಡಗಳು ಬೆಂಗಳೂರಿನ ಫುಟ್‌ಬಾಲನ್ನು ವರ್ಷಗಟ್ಟಲೆ ಸಾಕಿದ್ದು ಹೀಗೇ. ಅಮೆರಿಕದಲ್ಲಿ ಆಗ ನಡೆಯುತ್ತಿದ್ದದ್ದು ಬೇರೆ. ಆಟಗಾರ ತಾನು ಆಟಗಾರನಲ್ಲ ಅಂತ ಸುಳ್ಳು ಹೇಳಿಕೊಂಡು ಬದುಕಬೇಕಿತ್ತು. ಗುಟ್ಟಿನ ದುಡ್ಡಿಗೆ ಕರಾರು ಇರುವುದಿಲ್ಲ. ಕೊಡದಿದ್ದರೆ ಕೇಳುವ ಹಾಗಿಲ್ಲ. ಇನ್ನೊಬ್ಬ ಬಂದು ಜಾಸ್ತಿ ಕೊಡುತ್ತೇನೆ, ಈ ಆಟ ಸೋತುಬಿಡು ಅಂದರೆ ಅದೂ ಅಷ್ಟೇ ಗುಟ್ಟು. ಜೂಜುಕೋರರು ಆ ಕಾಲದ ಮೈದಾನಗಳ ಸುತ್ತ ಮುತ್ತಿಕೊಂಡಿದ್ದು ಸುಮ್ನೆ ಅಲ್ಲ.

1867ರ ಜುಲೈಯಲ್ಲಿ ಇದೇ ನ್ಯಾಷನಲ್ಸ್ ಸಿನ್ಸಿನಾಟಿಗೆ ಬಂದು ಊರಿನ ಕ್ಲಬ್ಬನ್ನು 53-10ರಲ್ಲಿ ಸೋಲಿಸಿತು. ಓಹಾಯೋ ನದಿ ದಂಡೆಯ ಊರು ಅದು. ಹಂದಿ ಮಾಂಸದ ವ್ಯಾಪಾರಕ್ಕೆ ಹೆಸರಾಗಿತ್ತು, ಪೂರ್ವದ ದೊಡ್ಡ ಪಟ್ಟಣಗಳ ಮುಂದೆ ತನಗೂ ಒಂದು ಮರ್ಯಾದೆ ಬೇಕು ಅಂತ ಒದ್ದಾಡುತ್ತಿತ್ತು. ಆ ಸೋಲು ಕ್ಲಬ್ಬಿನ ಅಧ್ಯಕ್ಷ, ವಕೀಲ ಆರನ್ ಚಾಂಪಿಯನ್‌ಗೆ ಚೆನ್ನಾಗಿ ನಾಟಿತು. ಮುಂದೆ ಸಂಘವೇ ವೃತ್ತಿಪರರನ್ನು ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟಾಗ, 1869ಕ್ಕೆ ತನ್ನ ಇಡೀ ತಂಡವನ್ನೇ ಸಂಬಳದ ಮೇಲೆ ತಗೊಳ್ಳುವ ಧೈರ್ಯ ಮಾಡಿದ್ದು ಅವನು. ಆ ತಂಡ ಕಟ್ಟಲು ಅವನಿಗೆ ಸಿಕ್ಕ ಮನುಷ್ಯ ಹ್ಯಾರಿ ರೈಟ್, ಪಾರ್ಕಿನಲ್ಲಿ ಗುಮಾಸ್ತನಾಗಿದ್ದ ಜಾರ್ಜನ ಅಣ್ಣ.

ಹ್ಯಾರಿ ಮೂಲತಃ ಕ್ರಿಕೆಟಿನವನು! ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಅಪ್ಪ ಸ್ಯಾಮ್ ರೈಟ್ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರ. ಹ್ಯಾರಿ 1865ರಲ್ಲಿ ಸಿನ್ಸಿನಾಟಿಗೆ ಬಂದದ್ದೂ ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ವರ್ಷಕ್ಕೆ 1200 ಡಾಲರಿನ ಕೆಲಸಕ್ಕೆ. ಕ್ರಿಕೆಟಿನಲ್ಲಿ ವೃತ್ತಿಪರ ಅನ್ನುವುದು ಗುಟ್ಟಿನ ವಿಷಯ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಅವರನ್ನು ಆಳುಗಳ ಹಾಗೆ ನೋಡುತ್ತಿದ್ದರು ನಿಜ, ಪೆವಿಲಿಯನ್ನಿನಲ್ಲೂ ಬೇರೆಯೇ ಇಡುತ್ತಿದ್ದರು. ಆದರೂ ಅವರ ಕಸುಬಿಗೆ ಒಂದು ಹೆಸರಿತ್ತು, ಕೂಲಿ ಇತ್ತು. ಅಪ್ಪ ಚೆಂಡು ಎಸೆದು ಮನೆಗೆ ಅನ್ನ ತಂದಿದ್ದನ್ನು ಕಣ್ಣಾರೆ ನೋಡಿ ಬೆಳೆದ ಮಗನಿಗೆ ಆಟದ ಸಂಬಳದಲ್ಲಿ ನಾಚಿಕೆಪಡುವಂಥದ್ದು ಏನೂ ಕಂಡಿರಲಾರದು. ನನ್ನ ಪ್ರಕಾರ ಈ ಕಥೆಯ ಬೀಜ ಇರುವುದು ಅಲ್ಲಿ.

ಟೋಪಿ ಮಾಡುವವರು, ಕಲ್ಲು ಕೆತ್ತುವವನು

ಕರಾರು ಮಾರ್ಚ್ 15ರಿಂದ ನವೆಂಬರ್ 15ರವರೆಗೆ, ಎಂಟು ತಿಂಗಳಿಗೆ. ಬ್ಯಾಟ್ ಬೀಸಿದವನು ಓಡಿ ಮುಟ್ಟಬೇಕಾದ ಗುರುತುಗಳಿಗೆ ಬೇಸು ಅಂತಾರೆ. ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾರ್ಜ್ ರೈಟ್‌ಗೆ 1400 ಡಾಲರ್, ಎಲ್ಲರಿಗಿಂತ ಜಾಸ್ತಿ. ತಮ್ಮನಿಗೆ ತನಗಿಂತ ಹೆಚ್ಚು ಕೊಡಿಸಿದ ಕ್ಯಾಪ್ಟನ್ ಹ್ಯಾರಿಗೆ 1200. ಚೆಂಡು ಎಸೆಯುವ ಪಿಚರ್ ಏಸಾ ಬ್ರೇನಾರ್ಡ್‌ಗೆ 1100. ಮೂರನೇ ಬೇಸ್ ಕಾಯುವ ಫ್ರೆಡ್ ವಾಟರ್‌ಮನ್‌ಗೆ 1000. ಚಾರ್ಲಿ ಗೌಲ್ಡ್, ಚಾರ್ಲಿ ಸ್ವೀಸಿ, ಡಗ್ ಆಲಿಸನ್, ಆಂಡಿ ಲೆನರ್ಡ್, ಕ್ಯಾಲ್ ಮೆಕ್‌ವೇ ಐವರಿಗೆ ತಲಾ 800. ಬದಲಿ ಆಟಗಾರ ಡಿಕ್ ಹರ್ಲಿಗೆ 600. ಎಲ್ಲ ಸೇರಿ 9300. ಒಬ್ಬ ನುರಿತ ಕೆಲಸಗಾರ ವರ್ಷವಿಡೀ ದುಡಿದು ಆರೇಳು ನೂರು ಡಾಲರ್ ಕಂಡರೆ ಹೆಚ್ಚು ಅನ್ನುವ ಕಾಲ ಅದು. ಅಂದರೆ ಒಳ್ಳೆ ಸಂಬಳ, ಆದರೆ ಯಾರೂ ಬಂಗಲೆ ಕಟ್ಟಿಸುವಷ್ಟಲ್ಲ.

ಅವರ ಕಸುಬುಗಳ ಪಟ್ಟಿ ಪತ್ರಿಕೆಗಳಲ್ಲಿ ಬಂದಿದೆ. ನನಗೆ ತುಂಬ ಇಷ್ಟವಾದದ್ದು ಅದು. ಸ್ವೀಸಿ ಮತ್ತು ಲೆನರ್ಡ್ ಟೋಪಿ ಮಾಡುವವರು. ಆಲಿಸನ್ ಅಮೃತಶಿಲೆ ಕೆತ್ತುವವನು. ಜಾರ್ಜ್ ಲೋಹದ ಮೇಲೆ ಕೆತ್ತನೆ ಮಾಡುವವನು, ಹ್ಯಾರಿ ಆಭರಣದ ಕೆಲಸದವನು. ಮೆಕ್‌ವೇ ಪಿಯಾನೊ ತಯಾರಿಸುವವನು, ಅವನಿಗಿನ್ನೂ ಇಪ್ಪತ್ತೂ ದಾಟಿರಲಿಲ್ಲ. ಗೌಲ್ಡ್ ಲೆಕ್ಕ ಬರೆಯುವವನು, ಹತ್ತು ಜನರಲ್ಲಿ ಸಿನ್ಸಿನಾಟಿಯವನು ಅಂತ ಇದ್ದದ್ದು ಅವನೊಬ್ಬನೇ. ಉಳಿದವರನ್ನೆಲ್ಲ ಹೊರಗಿಂದ ತಂದಿದ್ದರು. ಆಗಲೂ ಜನ ಕೇಳಿರಬೇಕು, ಇವರು ನಮ್ಮೂರಿನವರೇ ಅಲ್ಲವಲ್ಲ ಅಂತ.

ಕೈ ಕಸುಬಿನವರು ಇವರು. ಆಟದಲ್ಲಿ ಆ ಕೈಗಳಿಗೆ ಏನಾಗುತ್ತಿತ್ತು ಅನ್ನುವುದನ್ನು ಹೇಳಲೇಬೇಕು. 1869ರಲ್ಲಿ ಗ್ಲೌಸ್ ಇಲ್ಲ. ಪಿಚರ್ 45 ಅಡಿ ದೂರದಿಂದ, ತೋಳನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯಬೇಕು. ಬ್ರೇನಾರ್ಡ್ ಹಾಗೆ ಎಸೆದ ವೇಗದ ಚೆಂಡನ್ನು ಬ್ಯಾಟ್ಸ್‌ಮನ್ನಿನ ಹಿಂದೆ ನಿಂತು ಬರಿಗೈಯಲ್ಲಿ ಹಿಡಿಯುತ್ತಿದ್ದವನು ಕಲ್ಲು ಕೆತ್ತುವ ಆಲಿಸನ್. ಬ್ಯಾಟಿನ ಅಂಚಿಗೆ ತಾಗಿ ಸಿಡಿದು ಬಂದದ್ದೂ ಬರಿಗೈಗೇ. ಮುಂದಿನ ವರ್ಷ ಅವನು ಜಿಂಕೆ ಚರ್ಮದ ಕೈಗವಸು ಹಾಕಿಕೊಂಡು ಆಡಿದ್ದು ಪತ್ರಿಕೆಯಲ್ಲಿ ಸುದ್ದಿ ಆಯಿತು, ಅಷ್ಟು ಹೊಸದು ಅದು. ಬೆರಳು ಮುರಿದರೆ ಆಟವೂ ಹೋಯಿತು, ಉಳಿಯೂ ಹೋಯಿತು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಮಾವನ ಕಿರುಬೆರಳೇ ಬಂತು, ಬೇರೇನೂ ಬರಲಿಲ್ಲ.

ಹ್ಯಾರಿ ಇವರನ್ನು ದಿನಾ ದುಡಿಸಿದ. ಒಬ್ಬ ಹಿಡಿಯಲು ಹೋದಾಗ ಇನ್ನೊಬ್ಬ ಹಿಂದೆ ನಿಲ್ಲಬೇಕು, ಚೆಂಡು ಎಲ್ಲಿಗೆ ಎಸೆಯಬೇಕು ಅಂತ ಕೂಗಿ ಹೇಳಬೇಕು. ಸಂಜೆ ಮಾತ್ರ ಆಡುವ ಕ್ಲಬ್ಬಿನವರಿಗೆ ಇಷ್ಟು ಅಭ್ಯಾಸಕ್ಕೆ ಸಮಯ ಎಲ್ಲಿ ಸಿಗಬೇಕು? ಸಂಬಳ ಕೊಂಡು ತಂದದ್ದು ಈ ಸಮಯವನ್ನು. ಉದ್ದ ಪ್ಯಾಂಟಿನ ಬದಲು ಮಂಡಿವರೆಗಿನ ನಿಕ್ಕರು, ಕೆಳಗೆ ಕಾಲು ತುಂಬ ಕೆಂಪು ಸ್ಟಾಕಿಂಗ್ಸ್ ಹಾಕಿಸಿದ. ಮೊದಮೊದಲು ನೋಡಿದವರಿಗೆ ಅದು ವಿಚಿತ್ರ ಅನ್ನಿಸಿತಂತೆ. ಓಡಲು ಅನುಕೂಲ ಅಂತ ಗೊತ್ತಾದ ಮೇಲೆ ಎಲ್ಲರೂ ಅದನ್ನೇ ಹಾಕಿದರು.

ಜೂನ್ 15, ಬ್ರೂಕ್ಲಿನ್

ಮೇ ಕೊನೆಯಲ್ಲಿ ತಂಡ ಪೂರ್ವಕ್ಕೆ ಹೊರಟಿತು. ಜೊತೆಗೆ ಸಿನ್ಸಿನಾಟಿ ಕಮರ್ಷಿಯಲ್ ಪತ್ರಿಕೆಯ ವರದಿಗಾರ ಹ್ಯಾರಿ ಮಿಲ್ಲರ್. ಶುರುವಿನಲ್ಲೇ ಆಂಟಿಯೋಕ್ ಕಾಲೇಜಿನ ಆಟ ಮಳೆಗೆ ಹೋಯಿತು. ಆಮೇಲೆ ಒಂದೊಂದೇ ಊರು, ಒಂದೊಂದೇ ಗೆಲುವು. ಆ ಕಾಲದ ಸ್ಕೋರುಗಳು ಇವತ್ತಿನ ಬೇಸ್‌ಬಾಲಿಗೆ ಹೋಲಿಸಿದರೆ ಬಹಳ ದೊಡ್ಡವು, ನಲವತ್ತು ಐವತ್ತು ರನ್ ಮಾಮೂಲಿ. ಹಾಗಿರುವಾಗ ಜೂನ್ 15ರಂದು ಬ್ರೂಕ್ಲಿನ್‌ನಲ್ಲಿ ನ್ಯೂಯಾರ್ಕಿನ ಮ್ಯೂಚುವಲ್ಸ್ ಎದುರು ನಡೆದ ಆಟ ಮುಗಿದದ್ದು 4-2ರಲ್ಲಿ. ಆ ಕಾಲದಲ್ಲಿ ಅಂಥ ಸ್ಕೋರನ್ನು ಯಾರೂ ಕಂಡವರಲ್ಲ.

ಒಂಬತ್ತನೇ ಇನಿಂಗ್ಸಿನಲ್ಲಿ ಮ್ಯೂಚುವಲ್ಸ್ 2-2ಕ್ಕೆ ತಂದು ನಿಲ್ಲಿಸಿತು. ಬೇಸುಗಳ ಮೇಲೆ ಅವರ ಇಬ್ಬರಿದ್ದಾರೆ. ಮುಂದಿನವನು ಹೊಡೆದ ಚೆಂಡು ಎತ್ತರಕ್ಕೆ ಹೋಗಿ ಮೂರನೇ ಬೇಸಿನ ಹತ್ತಿರ ವಾಟರ್‌ಮನ್ ತಲೆ ಮೇಲೆ ಇಳಿಯಿತು. ಸುಲಭದ ಕ್ಯಾಚು. ಹೊಡೆದವನು ಹೇಗೂ ಔಟು ಅಂತ ಬೇಸಿನ ಮೇಲಿದ್ದ ಇಬ್ಬರೂ ತಮ್ಮ ಜಾಗ ಬಿಡಲಿಲ್ಲ. ವಾಟರ್‌ಮನ್ ಬೇಕಂತಲೇ ಚೆಂಡನ್ನು ಕೈಯಿಂದ ಜಾರಿಸಿ ನೆಲಕ್ಕೆ ಬಿಟ್ಟ. ಕ್ಯಾಚ್ ಆಗಲಿಲ್ಲ ಅಂದರೆ ಅವರು ಓಡಲೇಬೇಕು. ಅವರು ಹೊರಡುವಷ್ಟರಲ್ಲಿ ಚೆಂಡು ಎತ್ತಿ ಎಸೆದು ಒಂದೇ ಏಟಿಗೆ ಇಬ್ಬರನ್ನು ಕೆಡವಿದರು. ಇಂಥ ಉಪಾಯಗಳನ್ನು ತಡೆಯಲು ಬೇಸ್‌ಬಾಲ್ 1890ರ ದಶಕದಲ್ಲಿ ಒಂದು ಹೊಸ ನಿಯಮವನ್ನೇ ತಂದಿತು. ಆ ಒಂದು ಕ್ಷಣದಲ್ಲಿ ಕೈಬಿಡಬೇಕು ಅಂತ ಹೊಳೆಯುವುದು, ಅದಕ್ಕೆ ಉಳಿದವರು ಹೇಳದೆಯೇ ಸರಿಯಾದ ಜಾಗಕ್ಕೆ ಬಂದು ನಿಂತಿರುವುದು, ಇದು ತಿಂಗಳುಗಟ್ಟಲೆ ಜೊತೆಯಲ್ಲಿ ಆಡಿದವರಿಗೆ ಮಾತ್ರ ಸಾಧ್ಯ. ಸಂಬಳಕ್ಕೆ ಆಡುವವನು ಮನಸ್ಸಿಟ್ಟು ಆಡುವುದಿಲ್ಲ ಅನ್ನುವವರಿಗೆ ನಾನು ತೋರಿಸಬೇಕು ಅಂತಿರುವುದು ಈ ಜಾರಿಬಿಟ್ಟ ಕ್ಯಾಚನ್ನು.

ತಮ್ಮ ಸರದಿಯಲ್ಲಿ ಸಿನ್ಸಿನಾಟಿ ಎರಡು ರನ್ ತೆಗೆದು ಗೆದ್ದಿತು. ಊರಿನಲ್ಲಿ ಜನ ಟೆಲಿಗ್ರಾಂ ಕಾಯುತ್ತಾ ಹೋಟೆಲ್ ಮುಂದೆ ನೆರೆದಿದ್ದರು. ಸುದ್ದಿ ಬಂದ ಮೇಲೆ ಊರವರ ಪರವಾಗಿ ತಂಡಕ್ಕೆ ವಾಪಸ್ಸು ಒಂದು ತಂತಿ ಹೋಯಿತು, ಬೀದಿಗಳ ತುಂಬ ಜನ ಇದ್ದಾರೆ, ಜೈಕಾರ ನಿಲ್ಲುತ್ತಲೇ ಇಲ್ಲ ಅಂತ. ಮುಂದೆ ಬ್ರೂಕ್ಲಿನ್ನಿನದ್ದೇ ಎರಡು ಕ್ಲಬ್ಬುಗಳಲ್ಲಿ ಅಟ್ಲಾಂಟಿಕ್ಸ್ 32-10ಕ್ಕೆ ಸೋತರು, ಎಕ್‌ಫರ್ಡ್ಸ್ 24-5ಕ್ಕೆ. ವಾಷಿಂಗ್ಟನ್ನಿನಲ್ಲಿ ದೇಶದ ಅಧ್ಯಕ್ಷ ಗ್ರಾಂಟ್ ತಂಡದವರನ್ನು ಕರೆಸಿ ಮಾತಾಡಿಸಿದರು. ಜುಲೈ 1ಕ್ಕೆ ಊರಿಗೆ ಮರಳಿದಾಗ 27 ಅಡಿ ಉದ್ದದ ಮರದ ಬ್ಯಾಟನ್ನು ಉಡುಗೊರೆ ಕೊಟ್ಟರು. ದೇಶದ ಅಧ್ಯಕ್ಷನಾಗುವುದಕ್ಕಿಂತ ಈ ಕ್ಲಬ್ಬಿನ ಅಧ್ಯಕ್ಷನಾಗಿರುವುದೇ ನನಗಿಷ್ಟ ಅಂತ ಆವತ್ತು ಚಾಂಪಿಯನ್ ಹೇಳಿದ. ಅವನು ಮನಸಾರೆ ಹೇಳಿದ್ದಾನೆ ಅಂತಲೇ ನನಗನ್ನಿಸುತ್ತದೆ.

ಸೋಲದ ವರ್ಷ

ಆ ವರ್ಷ ಅವರು ಸಂಘದ ಲೆಕ್ಕದ 57 ಆಟ ಗೆದ್ದರು. ಒಂದನ್ನೂ ಸೋಲಲಿಲ್ಲ. ಗೆಲುವೂ ಅಲ್ಲದ, ಸೋಲೂ ಅಲ್ಲದ ಆಟ ಒಂದಿದೆ, ಅದರ ಹಿಂದೆ ಇರುವುದು ಜೂಜು. ಆಗಸ್ಟ್ 26ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಹೇಮೇಕರ್ಸ್ ಸಿನ್ಸಿನಾಟಿಗೆ ಬಂದಿತ್ತು. ಆ ತಂಡದ ಬೆನ್ನಿಗೆ ಜಾನ್ ಮಾರಿಸ್ಸಿ ಇದ್ದ, ಹಿಂದೆ ಬಾಕ್ಸರ್, ಆಮೇಲೆ ಜೂಜುಕಟ್ಟೆಗಳ ಒಡೆಯ, ಸಂಸತ್ ಸದಸ್ಯ ಬೇರೆ. ಅವನ ಕಡೆಯಿಂದ ಭಾರಿ ಬಾಜಿ ಬಿದ್ದಿತ್ತು ಅನ್ನುವ ಮಾತು ಆಗಲೇ ಹಬ್ಬಿತ್ತು. ಐದು ಇನಿಂಗ್ಸ್ ಮುಗಿದಾಗ 17-17. ಆರನೆಯದರಲ್ಲಿ ಮೆಕ್‌ವೇ ಬ್ಯಾಟಿಗೆ ತಾಗಿದ ಚೆಂಡು ಹಿಂದಕ್ಕೆ ಹೋಯಿತು. ಅಂಥದ್ದನ್ನು ಒಂದು ಪುಟಕ್ಕೆ ಹಿಡಿದರೂ ಔಟ್ ಅನ್ನುವುದು ಆಗಿನ ನಿಯಮ. ಹಿಡಿದೆ ಅಂದ ಅವರ ಕ್ಯಾಚರ್. ಇಲ್ಲ ಅಂದ ಅಂಪೈರ್. ಅಷ್ಟೇ ಸಾಕಾಯಿತು, ಟ್ರಾಯ್ ಅಧ್ಯಕ್ಷ ತನ್ನ ತಂಡವನ್ನು ಮೈದಾನದಿಂದಲೇ ಎಬ್ಬಿಸಿಕೊಂಡು ಹೋದ. ಸೋಲು ಗೆಲುವು ತೀರ್ಮಾನ ಆಗದಿದ್ದರೆ ಬಾಜಿ ದುಡ್ಡು ಉಳಿಯುತ್ತದಲ್ಲ. ಅಂಪೈರ್ ಆಟವನ್ನು ಸಿನ್ಸಿನಾಟಿಗೆ ಕೊಟ್ಟ, ದಾಖಲೆಗಳಲ್ಲಿ ಅದು ಟೈ ಅಂತ ಉಳಿಯಿತು. ಆವತ್ತು ಆಟ ಕೆಡಿಸಿದ್ದು ದುಡ್ಡೇ. ಆದರೆ ಅದು ಮೆಕ್‌ವೇಯ 800 ಡಾಲರಲ್ಲ. ಮೈದಾನದ ಹೊರಗೆ ಕೂತವರ ಕೈಯಲ್ಲಿ ಓಡಾಡಿದ ದುಡ್ಡು.

ಸೆಪ್ಟೆಂಬರಿನಲ್ಲಿ ಪಶ್ಚಿಮಕ್ಕೆ ಹೊರಟರು. ಖಂಡದ ಈ ಕಡೆಯಿಂದ ಆ ಕಡೆಗೆ ರೈಲು ಹಳಿ ಕೂಡಿದ್ದು ಅದೇ ವರ್ಷದ ಮೇ 10ಕ್ಕೆ. ನಾಲ್ಕೇ ತಿಂಗಳಲ್ಲಿ ಇವರು ಆ ಹಳಿಯ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬುಗಳನ್ನು ಸೋಲಿಸಿ ಬಂದರು. ಇಡೀ ವರ್ಷದಲ್ಲಿ ಸುತ್ತಿದ್ದು ಸುಮಾರು 12,000 ಮೈಲಿ. ಒಂದೇ ಹೊಡೆತಕ್ಕೆ ಎಲ್ಲ ಬೇಸು ಸುತ್ತಿ ಬರುವ ಹೋಮ್ ರನ್ನನ್ನು ಜಾರ್ಜ್ ಒಬ್ಬನೇ 49 ಸಲ ಹೊಡೆದ.

ಈ ಸಂಭ್ರಮದ ಪಕ್ಕದಲ್ಲೇ ಇನ್ನೊಂದು ವಿಷಯ ಹೇಳದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ಇದೇ ರಾಷ್ಟ್ರೀಯ ಸಂಘ 1867ರ ಡಿಸೆಂಬರಿನಲ್ಲಿ ಕಪ್ಪು ಆಟಗಾರರಿರುವ ಕ್ಲಬ್ಬುಗಳಿಗೆ ಬಾಗಿಲು ಹಾಕಿತ್ತು. ಫಿಲಡೆಲ್ಫಿಯಾದ ಪಿಥಿಯನ್ಸ್ ಅನ್ನುವ ಕಪ್ಪು ಜನರ ಕ್ಲಬ್ಬು ಆ ವರ್ಷ ಸದಸ್ಯತ್ವ ಕೇಳಿತ್ತು. ಅದರ ಮುಂದಾಳು ಆಕ್ಟೇವಿಯಸ್ ಕ್ಯಾಟೊ, ಶಾಲಾ ಮೇಷ್ಟ್ರು. ಸಿನ್ಸಿನಾಟಿಯವರು ಪಶ್ಚಿಮದ ರೈಲಿಗೆ ಸಿದ್ಧವಾಗುತ್ತಿದ್ದ 1869ರ ಸೆಪ್ಟೆಂಬರಿನಲ್ಲೇ ಪಿಥಿಯನ್ಸ್ ಫಿಲಡೆಲ್ಫಿಯಾದಲ್ಲಿ ಒಂದು ಬಿಳಿಯರ ಕ್ಲಬ್ಬಿನ ವಿರುದ್ಧ ಆಡಿತು. ಎರಡು ವರ್ಷದ ನಂತರ, ಚುನಾವಣೆಯ ದಿನ, ಕ್ಯಾಟೊನನ್ನು ಬೀದಿಯಲ್ಲಿ ಗುಂಡಿಟ್ಟು ಕೊಂದರು. ಸಂಬಳ ಬಹಿರಂಗವಾಯಿತು ಅಂತ ನಾನು ಸಂತೋಷಪಡುವಾಗ, ಆ ಸಂಬಳದ ಪಟ್ಟಿಗೆ ಯಾರ ಹೆಸರನ್ನು ಸೇರಿಸಲೇ ಇಲ್ಲ ಅನ್ನುವುದೂ ನೆನಪಿರಬೇಕು.

ನವೆಂಬರ್ ಮೊದಲ ವಾರ ಮ್ಯೂಚುವಲ್ಸ್ ಸಿನ್ಸಿನಾಟಿಗೆ ಬಂದು ಮತ್ತೆ ಸೋತಿತು. ಅಲ್ಲಿಗೆ ಸೀಸನ್ ಮುಗಿಯಿತು. ಕ್ಲಬ್ಬು ಲೆಕ್ಕ ಹಾಕಿತು. ಬಂದದ್ದು 29,726 ಡಾಲರ್ 26 ಸೆಂಟ್. ಖರ್ಚು 29,724 ಡಾಲರ್ 87 ಸೆಂಟ್. ಉಳಿದದ್ದು 1 ಡಾಲರ್ 39 ಸೆಂಟ್. ಸೋಲೇ ಕಾಣದ ತಂಡ ಇಡೀ ದೇಶ ಸುತ್ತಿ ಗಳಿಸಿದ ಲಾಭ ಅದು. ಈ ಲೆಕ್ಕವನ್ನು ಹೇಳಿ ಜನ ನಗುತ್ತಾರೆ. ನನಗೆ ಅದನ್ನು ನೋಡಿದರೆ ಗೌರವ ಬರುತ್ತದೆ. ಹತ್ತು ಜನ ಕೆಲಸಗಾರರಿಗೆ ಗೊತ್ತು ಮಾಡಿದ ಸಂಬಳ, ರೈಲು, ಹೋಟೆಲು, ಮೈದಾನ ಎಲ್ಲದರ ಖರ್ಚು ಕಳೆದು ಸೆಂಟಿನವರೆಗೆ ಲೆಕ್ಕ ಬರೆದು ತೋರಿಸಿದ ಪುಸ್ತಕ ಅದು. ಪಾರ್ಕಿನಲ್ಲಿದ್ದ ಕಚೇರಿಯ ಕಾಲ ಹಿಂದೆ ಬಿತ್ತು.

ಜನ ಬರುವುದು ಬಿಟ್ಟರು

1870ರಲ್ಲೂ ಗೆಲುವು ಮುಂದುವರಿಯಿತು. ಜೂನ್ 14ರಂದು ಬ್ರೂಕ್ಲಿನ್ನಿನ ಕ್ಯಾಪಿಟೋಲೀನ್ ಮೈದಾನದಲ್ಲಿ ಅಟ್ಲಾಂಟಿಕ್ಸ್ ಜೊತೆ ಆಟ. ಟಿಕೆಟ್ 50 ಸೆಂಟ್. ಒಂಬತ್ತು ಇನಿಂಗ್ಸ್ ಮುಗಿದಾಗ 5-5. ಅಟ್ಲಾಂಟಿಕ್ಸ್‌ಗೆ ಅಷ್ಟು ಸಾಕಿತ್ತು, ಸೋಲದ ತಂಡದ ಜೊತೆ ಸಮ ಮಾಡಿಕೊಂಡೆವು ಅಂತ ಹೊರಟೇಬಿಟ್ಟರು. ಜನ ಮೈದಾನಕ್ಕೆ ನುಗ್ಗಿದರು. ಹ್ಯಾರಿ ಒಪ್ಪಿದ್ದರೆ ಸೋಲದ ದಾಖಲೆ ಹಾಗೇ ಉಳಿಯುತ್ತಿತ್ತು. ಹ್ಯಾರಿ ಒಪ್ಪಲಿಲ್ಲ. ನಿಯಮದ ಪ್ರಕಾರ ಆಟ ಮುಂದುವರಿಯಬೇಕು ಅಂದ. ಅಲ್ಲೇ ಇದ್ದ ಪತ್ರಕರ್ತ, ನಿಯಮ ಸಮಿತಿಯ ಹೆನ್ರಿ ಚಾಡ್ವಿಕ್‌ನನ್ನು ಕೇಳಿದರು. ಅವನೂ ಹೌದು ಅಂದ. ಬರೀ ಸಂಬಳ ಎಣಿಸುವವನಾಗಿದ್ದರೆ ಟೈ ತಗೊಂಡು, ಮರುದಿನದ ಟಿಕೆಟ್ ಮಾರಿಕೊಂಡು ಸುಮ್ಮನಿರುತ್ತಿದ್ದ, ಅಲ್ವಾ?

ಹನ್ನೊಂದನೇ ಇನಿಂಗ್ಸಿನಲ್ಲಿ ಸಿನ್ಸಿನಾಟಿ ಎರಡು ರನ್ ತೆಗೆದು 7-5 ಮಾಡಿತು. ಆಮೇಲೆ ಅಟ್ಲಾಂಟಿಕ್ಸ್ ಸರದಿ. ಜೋ ಸ್ಟಾರ್ಟ್ ಹೊಡೆದ ಚೆಂಡು ಬಲಗಡೆ ನಿಂತಿದ್ದ ಜನರೊಳಗೆ ಹೋಯಿತು. ಮೆಕ್‌ವೇ ಜನರ ನಡುವೆ ನುಗ್ಗಿ ಚೆಂಡು ಎತ್ತಲು ಹೋದಾಗ ಒಬ್ಬ ಪ್ರೇಕ್ಷಕ ಅವನ ಬೆನ್ನೇರಿದ ಅಂತಲೂ ಹೇಳುತ್ತಾರೆ. ಒಂದು ರನ್ ಬಂತು. ನಂತರ ಬಂದ ಕ್ಯಾಪ್ಟನ್ ಬಾಬ್ ಫರ್ಗುಸನ್ ಬಲಗೈ ಬ್ಯಾಟ್ಸ್‌ಮನ್. ಜಾರ್ಜ್ ರೈಟ್ ಇರುವ ಕಡೆಗೆ ಚೆಂಡು ಹೋಗಬಾರದು ಅಂತ ಎಡಗೈಗೆ ತಿರುಗಿ ನಿಂತು ಹೊಡೆದ. ಎದುರಾಳಿ ಕೊಟ್ಟ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಜಾರ್ಜ್‌ಗೆ ಬೇರೆ ಬೇಕಿರಲಿಲ್ಲ. 7-7. ಮುಂದಿನ ಚೆಂಡು ನೇರ ಗೌಲ್ಡ್ ಕಡೆಗೆ. ತಡವರಿಸಿದ, ಎರಡನೇ ಬೇಸಿಗೆ ಎಸೆದದ್ದು ಸ್ವೀಸಿಯ ಕೈ ತಪ್ಪಿ ಆಚೆ ಹೋಯಿತು. ಫರ್ಗುಸನ್ ಓಡಿ ಬಂದ. 8-7. ಎಂಬತ್ತು ಆಟ ದಾಟಿದ್ದ ಸೋಲಿಲ್ಲದ ಸರಣಿ ಅಲ್ಲಿಗೆ ಮುಗಿಯಿತು. ಕೊನೆಯ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬ ಊರಿನ ಸ್ವಂತ ಮಗ ಗೌಲ್ಡ್ ಅನ್ನುವುದು ನನ್ನನ್ನು ಬಿಡದೆ ಹಿಡಿಯುತ್ತದೆ. ಚಾಂಪಿಯನ್ ಊರಿಗೆ ಕಳಿಸಿದ ತಂತಿಯಲ್ಲಿ, ಇದುವರೆಗೆ ಆಡಿದ್ದರಲ್ಲೇ ಶ್ರೇಷ್ಠ ಆಟ, ಸೋತರೂ ಮಾನ ಹೋಗಿಲ್ಲ ಅಂತ ಬರೆದ.

ಊರು ಹಾಗೆ ಅಂದುಕೊಳ್ಳಲಿಲ್ಲ. ಆ ವರ್ಷ ಅವರು ಸೋತದ್ದು ಒಟ್ಟು ಆರೇ ಆರು ಆಟ, ಗೆದ್ದದ್ದು 67. ಆದರೂ ಸೋಲು ಕಂಡ ಮೇಲೆ ಮೈದಾನಕ್ಕೆ ಬರುವವರು ಕಡಿಮೆಯಾದರು. ಚಾಂಪಿಯನ್ ಅಧ್ಯಕ್ಷ ಸ್ಥಾನ ಬಿಟ್ಟ. ನವೆಂಬರಿನಲ್ಲಿ ಕ್ಲಬ್ಬಿನವರು, ಸಂಬಳ ಭರಿಸಲಾಗುವುದಿಲ್ಲ, ಇನ್ನು ವೃತ್ತಿಪರರು ಬೇಡ ಅಂತ ತೀರ್ಮಾನಿಸಿದರು. ಆಟಗಾರರು ದುಡ್ಡಿನ ಹಿಂದೆ ಹೋದರು ಅಂತ ಆಗಲೂ ಕೆಲವರು ಬೈದರು. ಮೊದಲು ಬಿಟ್ಟು ಹೋದವರು ಪ್ರೇಕ್ಷಕರು ಅನ್ನುವುದನ್ನು ಯಾರೂ ಹೇಳಿದ ಹಾಗಿಲ್ಲ. ಸಂಬಳ ತಗೊಂಡವರು ಕರಾರು ಮುಗಿಯುವ ದಿನದವರೆಗೆ ಆಡಿದರು. ಪ್ರೀತಿಯಿಂದ ನೋಡುತ್ತೇವೆ ಅಂದವರು ಆರು ಸೋಲಿಗೆ ಮನೆಯಲ್ಲಿ ಕೂತರು.

ಆ ಮೈದಾನ ಇದ್ದ ಜಾಗವನ್ನು ನಾನು ನೋಡಿದ್ದೇನೆ. ಕೆಲಸದ ಮೇಲೆ ಓಹಾಯೋಗೆ ಹೋಗಿದ್ದಾಗ ಒಂದು ಭಾನುವಾರ ಸಿನ್ಸಿನಾಟಿಗೆ ಹೋದೆ. ಈಗ ಅಲ್ಲಿರುವುದು ಯೂನಿಯನ್ ಟರ್ಮಿನಲ್, 1933ರ ರೈಲ್ವೆ ನಿಲ್ದಾಣ, ಎದುರಿಗೆ ಕಾರಂಜಿ. ಒಳಗೆ ಅರ್ಧ ಗುಮ್ಮಟ, ಅದರ ಕೆಳಗಿನ ಗೋಡೆಗಳ ಮೇಲೆ ವಿನೋಲ್ಡ್ ರೈಸ್ ಮಾಡಿದ ದೊಡ್ಡ ಮೊಸಾಯಿಕ್ ಚಿತ್ರಗಳು. ನದಿಯ ದೋಣಿ, ರೈಲು, ನಡುವೆ ತೋಳು ಮಡಚಿದ ಕೆಲಸಗಾರರು. ಹತ್ತಿರ ಹೋಗಿ ನೋಡಿದೆ. ದೂರದಿಂದ ಮುಖ ಅನ್ನಿಸಿದ್ದು ಹತ್ತಿರದಿಂದ ಬಣ್ಣ ಬಣ್ಣದ ಗಾಜಿನ ಚೂರುಗಳಾಗಿ ಬಿಡಿಬಿಡಿಯಾಗಿ ಕಂಡಿತು. ನಗರದ ಕಾರ್ಖಾನೆಗಳಲ್ಲಿ ದುಡಿಯುವವರದ್ದೂ ಒಂದು ಸಾಲು ಚಿತ್ರ ರೈಸ್ ಮಾಡಿದ್ದ, ಅದರಲ್ಲಿ ಪಿಯಾನೊ ತಯಾರಿಸುವವರೂ ಇದ್ದಾರೆ. ಅವುಗಳಲ್ಲಿ ಬಹಳಷ್ಟನ್ನು ಎಪ್ಪತ್ತರ ದಶಕದಲ್ಲಿ ವಿಮಾನ ನಿಲ್ದಾಣಕ್ಕೆ ಸಾಗಿಸಿದರಂತೆ. ಆ ಸಾಲಿನಲ್ಲಿ ಕೆಂಪು ಸ್ಟಾಕಿಂಗ್ಸ್ ಹಾಕಿದವನೊಬ್ಬ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸಿತು. ಪಿಯಾನೊ ಮಾಡುವ ಮೆಕ್‌ವೇ, ಕಲ್ಲು ಕೆತ್ತುವ ಆಲಿಸನ್ ಇದೇ ನೆಲದ ಮೇಲೆ ಕೂಲಿಗೆ ದುಡಿದವರಲ್ಲವೇ.

ಹಗ್ಗ

ಹ್ಯಾರಿ, ಜಾರ್ಜ್, ಗೌಲ್ಡ್, ಮೆಕ್‌ವೇ ನಾಲ್ವರೂ ಬಾಸ್ಟನ್ನಿಗೆ ಹೋದರು. ರೆಡ್ ಸ್ಟಾಕಿಂಗ್ಸ್ ಅನ್ನುವ ಹೆಸರನ್ನೂ ಜೊತೆಗೇ ಒಯ್ದರು. 1871ರಲ್ಲಿ ವೃತ್ತಿಪರರದ್ದೇ ಒಂದು ಸಂಘ ಶುರುವಾಯಿತು, 1872ರಿಂದ 1875ರವರೆಗೆ ನಾಲ್ಕು ವರ್ಷ ಸತತವಾಗಿ ಬಾಸ್ಟನ್ನೇ ಗೆದ್ದಿತು. 1874ರಲ್ಲಿ ಹ್ಯಾರಿ ತನ್ನ ತಂಡವನ್ನೂ ಫಿಲಡೆಲ್ಫಿಯಾದ ಇನ್ನೊಂದು ತಂಡವನ್ನೂ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರಕೊಂಡು ಹೋದ. ಬೇಸ್‌ಬಾಲ್ ತೋರಿಸಿದ್ದಲ್ಲದೆ ಅವರೆಲ್ಲ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಎಂಸಿಸಿ ಕ್ಲಬ್ಬಿನ ವಿರುದ್ಧ ಕ್ರಿಕೆಟನ್ನೂ ಆಡಿದರು, ಹನ್ನೊಂದರ ಬದಲು ಹದಿನೆಂಟು ಜನ ಇಳಿದು. ಆ ಪ್ರವಾಸದಲ್ಲಿ ಕ್ರಿಕೆಟಿನಲ್ಲಿ ಒಂದೂ ಸೋಲಲಿಲ್ಲ. ಶೆಫೀಲ್ಡ್‌ನಿಂದ ಹೋದ ಕ್ರಿಕೆಟ್ ಕೂಲಿಯವನ ಮಗ ಲಾರ್ಡ್ಸ್‌ಗೆ ತನ್ನದೇ ತಂಡದ ಜೊತೆ ಬಂದಿದ್ದ. ನನಗೆ ಈ ದೃಶ್ಯ ಬಹಳ ಇಷ್ಟ.

ಆದರೆ ಕಥೆಯ ಮುಂದಿನ ಭಾಗ ತಿಳಿದ ಮೇಲೆ, ಇಷ್ಟು ದಿನ ನಾವು ತಪ್ಪು ಜಾಗದಲ್ಲಿ ಬೈಯುತ್ತಿದ್ದೇವೆ ಅನ್ನುವುದು ನನಗೆ ಖಚಿತವಾಯಿತು. 1879ರಲ್ಲಿ ಜಾರ್ಜ್ ಬಾಸ್ಟನ್ ಬಿಟ್ಟು ಪ್ರಾವಿಡೆನ್ಸ್ ತಂಡ ಸೇರಿದ. ಆ ಹೊತ್ತಿಗೆ ವೃತ್ತಿಪರ ತಂಡಗಳು ಆಡುತ್ತಿದ್ದ ನ್ಯಾಷನಲ್ ಲೀಗನ್ನು ಅಣ್ಣನ ತಂಡವನ್ನೇ ಹಿಂದಿಕ್ಕಿ ಗೆದ್ದ. ಅದೇ ಸೆಪ್ಟೆಂಬರಿನಲ್ಲಿ ಲೀಗಿನ ಮಾಲೀಕರು ಬಫಲೋದಲ್ಲಿ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡವೂ ತನ್ನ ಐದು ಆಟಗಾರರ ಹೆಸರು ಬರೆದಿಡಬಹುದು, ಆ ಐವರನ್ನು ಬೇರೆ ಯಾವ ತಂಡವೂ ತಗೊಳ್ಳುವ ಹಾಗಿಲ್ಲ. ಸಂಬಳ ಏರುವುದನ್ನು ತಡೆಯಬೇಕು, ಅದೇ ಉದ್ದೇಶ. ಕರಾರು ಮುಗಿದರೂ ಆಟಗಾರ ಸ್ವತಂತ್ರನಲ್ಲ. ಪ್ರಾವಿಡೆನ್ಸ್ ಬರೆದಿಟ್ಟ ಐದು ಹೆಸರುಗಳಲ್ಲಿ ಜಾರ್ಜ್ ರೈಟ್ ಕೂಡ ಒಂದು. ಹತ್ತು ವರ್ಷದ ಹಿಂದೆ ತನ್ನ ಆಟಕ್ಕೆ 1400 ಡಾಲರ್ ಅಂತ ಬಹಿರಂಗವಾಗಿ ಬೆಲೆ ಕಟ್ಟಿಸಿಕೊಂಡು ತಲೆ ಎತ್ತಿ ಆಡಿದವನು ಈಗ ಇಷ್ಟವಿದ್ದ ಊರಿನಲ್ಲಿ ದುಡಿಯುವ ಹಾಗಿಲ್ಲ.

ಜಾರ್ಜ್ ಸಹಿ ಹಾಕಲಿಲ್ಲ. ಬಾಸ್ಟನ್ನಿನಲ್ಲಿ ಅವನದ್ದೊಂದು ಕ್ರೀಡಾ ಸಾಮಾನಿನ ಅಂಗಡಿ ಇತ್ತು, ಅದನ್ನು ನೋಡಿಕೊಂಡು 1880ರ ಸೀಸನ್ನನ್ನು ಬಹುತೇಕ ಹೊರಗೇ ಕಳೆದ. ಅವನಿಗಾಗ ಮೂವತ್ತಮೂರು. ಅಂಗಡಿ ಇದ್ದದ್ದಕ್ಕೆ ಅವನು ಇಲ್ಲ ಅನ್ನಲು ಸಾಧ್ಯವಾಯಿತು, ಟೋಪಿ ಮಾಡುವವನಿಗೋ ಕಲ್ಲು ಕೆತ್ತುವವನಿಗೋ ಆಗುತ್ತಿರಲಿಲ್ಲ. ಐದು ಹೆಸರು ಮುಂದೆ ಹನ್ನೊಂದಾಯಿತು, ಆಮೇಲೆ ಇಡೀ ತಂಡವಾಯಿತು. ಬೇಸ್‌ಬಾಲ್ ಆಟಗಾರರು ಆ ಹಗ್ಗ ಬಿಚ್ಚಿಕೊಂಡದ್ದು 1975ರ ಡಿಸೆಂಬರಿನಲ್ಲಿ, ಒಬ್ಬ ಮಧ್ಯಸ್ಥಗಾರ ಅವರ ಪರ ತೀರ್ಪು ಕೊಟ್ಟಾಗ. ಅದನ್ನು ವಿರೋಧಿಸಿ ಮಾಲೀಕರು ಕೋರ್ಟಿಗೆ ಹೋದರು, ಅಲ್ಲೂ ಸೋತರು.